ಗೆದ್ದ ಮೇಲೂ ಯಾಕೆ ಈ ಗೊಣಗಾಟ? ಕಾಲೇಜು ಫುಟ್‌ಬಾಲ್‌ನ ಒಂದು ಶನಿವಾರ ಹೇಳಿದ್ದು

2024ರ ಸೆಪ್ಟೆಂಬರ್ 7, ಶನಿವಾರ. ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ನಟ್ಟನಡುವೆ ಸ್ಟೇಟ್ ಕಾಲೇಜ್ ಅಂತ ಒಂದು ಊರಿದೆ. ಜನಸಂಖ್ಯೆ ಸುಮಾರು 40 ಸಾವಿರ. ಆ ಊರಿನ ಬೀವರ್ ಸ್ಟೇಡಿಯಂನಲ್ಲಿ ಆಗ ಕೂರಲು ಇದ್ದ ಜಾಗ 1,06,572. ಇಡೀ ಊರನ್ನು ಎರಡು ಸಲ ತುಂಬಿಸಿದರೂ ಇನ್ನೂ ಸೀಟು ಉಳಿಯುತ್ತದೆ. ಅವತ್ತು ಅಲ್ಲಿನ ಪೆನ್ ಸ್ಟೇಟ್ ವಿಶ್ವವಿದ್ಯಾಲಯದ ಅಮೆರಿಕನ್ ಫುಟ್‌ಬಾಲ್ (ನಮ್ಮ ಕಾಲ್ಚೆಂಡಲ್ಲ, ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಎಸೆಯುವ ಆಟ) ತಂಡಕ್ಕೆ ಆ ವರ್ಷದ ಮೊದಲ ತವರು ಪಂದ್ಯ. ಎದುರಾಳಿ, ಪಕ್ಕದ ಒಹಾಯೋ ರಾಜ್ಯದ ಬೌಲಿಂಗ್ ಗ್ರೀನ್ ಎಂಬ ಸಣ್ಣ ತಂಡ. ಪೆನ್ ಸ್ಟೇಟ್ ದೇಶದಲ್ಲಿ 8ನೇ ಸ್ಥಾನದಲ್ಲಿತ್ತು. ಬೌಲಿಂಗ್ ಗ್ರೀನ್ ಪಟ್ಟಿಯಲ್ಲೇ ಇರಲಿಲ್ಲ.

ಅರ್ಧ ಆಟ ಮುಗಿದಾಗ ಬೌಲಿಂಗ್ ಗ್ರೀನ್ 24, ಪೆನ್ ಸ್ಟೇಟ್ 20.

ಆಮೇಲೆ ಪೆನ್ ಸ್ಟೇಟ್ ಸಾವರಿಸಿಕೊಂಡಿತು. ನಿಕ್ ಸಿಂಗಲ್ಟನ್ ಚೆಂಡು ಹಿಡಿದು ಓಡಿ ಓಡಿ 119 ಯಾರ್ಡ್ ಗಳಿಸಿದ. ಕೊನೆಗೆ 34–27ರಲ್ಲಿ ಗೆಲುವು ಸಿಕ್ಕಿತು. ಆದರೆ ಅಭಿಮಾನಿಗಳ ಮುಖದಲ್ಲಿ ಗೆದ್ದ ಕಳೆ ಇರಲಿಲ್ಲ. ‘ಇಂಥ ತಂಡದ ಮುಂದೆಯೇ ಹೀಗಾದರೆ ಒಹಾಯೋ ಸ್ಟೇಟ್‌ನಂಥ ದೊಡ್ಡ ತಂಡ ಬಂದಾಗ ಗತಿ ಏನು?’ ಎಂಬುದೇ ಎಲ್ಲರ ಚಿಂತೆ.

ನಮ್ಮಲ್ಲಿ ಎಷ್ಟೋ ಮನೆಗಳ ಮಕ್ಕಳು ಈಗ ಇಂಥ ಕ್ಯಾಂಪಸ್‌ಗಳಲ್ಲಿ ಓದುತ್ತಿದ್ದಾರೆ. ಆಗಸ್ಟ್‌ನಲ್ಲಿ ಹೋಗಿ ಇಳಿಯುತ್ತಾರೆ. ಸೆಪ್ಟೆಂಬರ್‌ನಲ್ಲಿ ಮೊದಲ ಮ್ಯಾಚು. ಅವತ್ತು ಊರಿಗೆ ಊರೇ ಒಂದೇ ಬಣ್ಣದ ಟೀ ಶರ್ಟು ಹಾಕಿಕೊಂಡು ಬೀದಿಗಿಳಿಯುತ್ತದೆ. ಪಾರ್ಕಿಂಗ್ ಜಾಗದಲ್ಲೇ ಒಲೆ ಹಚ್ಚಿ ಬೆಳಗ್ಗೆಯಿಂದ ಅಡುಗೆ ಶುರು. ಇದನ್ನೆಲ್ಲ ನೋಡಿ ಬೆರಗಾದ ಹುಡುಗನೋ ಹುಡುಗಿಯೋ ರಾತ್ರಿ ಮನೆಗೆ ಫೋನು ಮಾಡಿದಾಗ ಒಂದು ಪ್ರಶ್ನೆ ಬಂದೇ ಬರುತ್ತದೆ. ಗೆದ್ದರಲ್ಲ, ಮತ್ತೆ ಯಾಕೆ ಎಲ್ಲ ಇಷ್ಟೊಂದು ಬೈಯುತ್ತಿದ್ದಾರೆ?

ಇದು ಒಳ್ಳೆಯ ಪ್ರಶ್ನೆ. ಉತ್ತರ ಕೊಡೋಕೆ ನನಗೆ ಆ ಸೆಪ್ಟೆಂಬರ್ 7ಕ್ಕಿಂತ ಒಳ್ಳೆಯ ದಿನ ಬೇರೆ ಕಾಣುವುದಿಲ್ಲ. ಯಾಕೆಂದರೆ ಅದೇ ದಿನ, ಒಹಾಯೋದ ಆಚೆಗಿನ ಇಂಡಿಯಾನಾ ರಾಜ್ಯದಲ್ಲಿ ಇನ್ನೊಂದು ದೊಡ್ಡ ತಂಡವೂ ತನ್ನ ಮೊದಲ ತವರು ಪಂದ್ಯ ಆಡುತ್ತಿತ್ತು. ಅದು ನೋಟರ್ ಡೇಮ್. ದೇಶದಲ್ಲಿ 5ನೇ ಸ್ಥಾನ. ಎದುರಾಳಿ ನಾರ್ದರ್ನ್ ಇಲಿನಾಯ್. ಬೌಲಿಂಗ್ ಗ್ರೀನ್ ಆಡುವ ಮಿಡ್ ಅಮೆರಿಕನ್ ಕಾನ್ಫರೆನ್ಸ್‌ನಲ್ಲೇ (ಕಾನ್ಫರೆನ್ಸ್ ಅಂದರೆ ತಮ್ಮತಮ್ಮಲ್ಲೇ ಆಡುವ ತಂಡಗಳ ಗುಂಪು) ಆಗ ಇದ್ದ ತಂಡ. ಅಂದರೆ ಎರಡೂ ಕಡೆ ಕಥೆ ಹೆಚ್ಚುಕಡಿಮೆ ಒಂದೇ. ದೊಡ್ಡ ಮನೆ, ಸಣ್ಣ ಅತಿಥಿ. ಆಟ ಮುಗಿಯೋಕೆ 31 ಸೆಕೆಂಡು ಇದ್ದಾಗ ನಾರ್ದರ್ನ್ ಇಲಿನಾಯ್‌ನ ಕಿಕ್ಕರ್ 35 ಯಾರ್ಡ್ ದೂರದಿಂದ ಚೆಂಡನ್ನು ಕಂಬಗಳ ನಡುವೆ ಒದ್ದ. 16–14. ನೋಟರ್ ಡೇಮ್ ತನ್ನ ಮನೆಯಲ್ಲೇ ಸೋತಿತು.

ಒಂದೇ ದಿನ ಎರಡು ತಂಡ. ಒಂದು ಒದ್ದಾಡಿ ಗೆದ್ದಿತು, ಒಂದು ಒದ್ದಾಡಿ ಸೋತಿತು. ನಾಲ್ಕು ತಿಂಗಳ ನಂತರ, 2025ರ ಜನವರಿ 9ರಂದು, ಇದೇ ಎರಡು ತಂಡಗಳು ಪ್ಲೇಆಫ್ ಸೆಮಿಫೈನಲ್‌ನಲ್ಲಿ ಎದುರುಬದುರು ನಿಂತವು. ಆ ಮ್ಯಾಚಿಗೆ ಆಮೇಲೆ ಬರೋಣ.

ಮೊದಲ ಮ್ಯಾಚು ಯಾಕೆ ಒರಟೊರಟಾಗಿರುತ್ತದೆ

ಅಮೆರಿಕದ ವೃತ್ತಿಪರ ಲೀಗ್ ಆದ ಎನ್‌ಎಫ್‌ಎಲ್‌ನಲ್ಲಿ ಸೀಸನ್ನಿಗೆ ಮೊದಲು ಅಭ್ಯಾಸ ಪಂದ್ಯಗಳಿರುತ್ತವೆ. ಅಲ್ಲಿ ಸೋತರೂ ಲೆಕ್ಕಕ್ಕಿಲ್ಲ, ಗೆದ್ದರೂ ಲೆಕ್ಕಕ್ಕಿಲ್ಲ. ಕಾಲೇಜಿನಲ್ಲಿ ಅದಿಲ್ಲ. ಆಗಸ್ಟ್‌ನಲ್ಲಿ 25 ದಿನ ತಮ್ಮತಮ್ಮಲ್ಲೇ ಅಭ್ಯಾಸ, ಆಮೇಲೆ ನೇರ ಕಣಕ್ಕೆ. ಅದರ ಜೊತೆಗೆ ಈಗ ಹುಡುಗರು ವರ್ಷಕ್ಕೊಂದು ಕಾಲೇಜು ಬದಲಾಯಿಸುವುದು ಮಾಮೂಲಾಗಿದೆ. 2018ರಲ್ಲಿ ಟ್ರಾನ್ಸ್‌ಫರ್ ಪೋರ್ಟಲ್, ಅಂದರೆ ಕಾಲೇಜು ಬದಲಾಯಿಸುವವರು ಹೆಸರು ಬರೆಸುವ ಪಟ್ಟಿ, ಬಂತು. ಆಮೇಲೆ ನಿಯಮಗಳೂ ಸಡಿಲವಾದವು. ಜನವರಿಯಲ್ಲಿ ಬಂದವನು, ಮೇ ತಿಂಗಳಲ್ಲಿ ಬಂದವನು, ಮೂರು ವರ್ಷದಿಂದ ಇರುವವನು, ಎಲ್ಲರೂ ಒಂದೇ ಸಾಲಿನಲ್ಲಿ ನಿಂತು ಒಂದೇ ಸನ್ನೆಗೆ ಒಂದೇ ಅರ್ಥ ಮಾಡಿಕೊಳ್ಳಬೇಕು. ಮೊದಲ ಎರಡು ವಾರ ಎಡವಟ್ಟಾಗದಿದ್ದರೇ ಆಶ್ಚರ್ಯ.

ಪೆನ್ ಸ್ಟೇಟ್‌ನಲ್ಲಿ ಆ ವರ್ಷ ಇನ್ನೂ ಒಂದು ವಿಷಯವಿತ್ತು. ದಾಳಿ ನೋಡಿಕೊಳ್ಳುವ ಕೋಚ್ ಆಂಡಿ ಕೊಟೆಲ್ನಿಕಿ ಹೊಸಬರು. ರಕ್ಷಣೆ ನೋಡಿಕೊಳ್ಳುವ ಕೋಚ್ ಟಾಮ್ ಆಲನ್ ಕೂಡ ಹೊಸಬರು. ಒಂದು ವಾರದ ಹಿಂದೆ ವೆಸ್ಟ್ ವರ್ಜೀನಿಯಾಕ್ಕೆ ಹೋಗಿ 34–12ರಲ್ಲಿ ಗೆದ್ದು ಬಂದಿದ್ದರು ನಿಜ. ಆದರೆ ಹೊರಗೆ ಹೋಗಿ ಗೆದ್ದ ತಂಡ ಮನೆಗೆ ಬಂದು ಸಣ್ಣ ತಂಡದ ಮುಂದೆ ಮೈಮರೆಯುವುದು ಈ ಆಟದಲ್ಲಿ ಹೊಸದಲ್ಲ.

ಸಣ್ಣ ತಂಡಗಳು ಬರುವುದೇ ಒಂದು ಲೆಕ್ಕದ ಮೇಲೆ. ದೊಡ್ಡ ಕಾಲೇಜಿಗೆ ತವರಿನಲ್ಲಿ ಒಂದು ಸುಲಭದ ಗೆಲುವು ಬೇಕು, ಒಂದು ಲಕ್ಷ ಜನ ಟಿಕೆಟ್ ಕೊಳ್ಳುವ ಒಂದು ದಿನ ಬೇಕು. ಸಣ್ಣ ಕಾಲೇಜಿಗೆ ಹಣ ಬೇಕು. ಆ ಹಣದಿಂದ ಅವರ ಉಳಿದ ಆಟಗಳೂ ನಡೆಯುತ್ತವೆ. ನೋಟರ್ ಡೇಮ್ ಅವತ್ತು ನಾರ್ದರ್ನ್ ಇಲಿನಾಯ್‌ಗೆ ಕೊಟ್ಟದ್ದು 14 ಲಕ್ಷ ಡಾಲರ್. 2007ರಲ್ಲಿ ಮಿಷಿಗನ್ ವಿಶ್ವವಿದ್ಯಾಲಯ ಅಪಲಾಚಿಯನ್ ಸ್ಟೇಟ್ ಎಂಬ ಕೆಳಗಿನ ದರ್ಜೆಯ ತಂಡವನ್ನು 4 ಲಕ್ಷ ಡಾಲರ್ ಕೊಟ್ಟು ಕರೆಸಿತ್ತು. ಮಿಷಿಗನ್ ಆಗ 5ನೇ ಸ್ಥಾನದಲ್ಲಿತ್ತು. 34–32ರಲ್ಲಿ ಸೋತಿತು. ಆ ಸೋಲನ್ನು ಈ ಆಟ ಇಷ್ಟಪಡುವ ಯಾರೂ ಇವತ್ತಿಗೂ ಮರೆತಿಲ್ಲ. ದೊಡ್ಡ ತಂಡದ ಅಭಿಮಾನಿ ಮೊದಲ ತವರು ಪಂದ್ಯಕ್ಕೆ ಹೋಗುವಾಗ ಹೊಟ್ಟೆಯೊಳಗೆ ಒಂದು ಸಣ್ಣ ಭಯ ಇಟ್ಟುಕೊಂಡೇ ಹೋಗುತ್ತಾನೆ.

12 ಮ್ಯಾಚು, ಅಷ್ಟೇ

ಭಯ ಇಷ್ಟು ಜಾಸ್ತಿ ಯಾಕೆ ಅಂತ ಗೊತ್ತಾಗಬೇಕಾದರೆ ಲೆಕ್ಕ ನೋಡಬೇಕು. ಒಂದು ಸೀಸನ್ನಿಗೆ ಇರುವುದು 12 ಮ್ಯಾಚು. ಮೇಲಿನ ದರ್ಜೆಯಲ್ಲಿ ತಂಡಗಳು 130ಕ್ಕೂ ಹೆಚ್ಚು. ಎಲ್ಲರೂ ಎಲ್ಲರ ಜೊತೆ ಆಡುವುದು ಸಾಧ್ಯವೇ ಇಲ್ಲ. ಹಾಗಾಗಿ ಯಾರು ಮೇಲು ಅಂತ ಹೇಳೋಕೆ ಅಂಕಪಟ್ಟಿ ಸಾಲುವುದಿಲ್ಲ. ಮನುಷ್ಯರು ಕೂತು ತೀರ್ಮಾನ ಮಾಡಬೇಕು. 1936ರಿಂದ ಪತ್ರಕರ್ತರು ಮತ ಹಾಕಿ ಪಟ್ಟಿ ಮಾಡುತ್ತಿದ್ದಾರೆ. 2014ರಲ್ಲಿ ಪ್ಲೇಆಫ್ ಶುರುವಾದ ಮೇಲೆ 13 ಜನರ ಒಂದು ಸಮಿತಿ ಕೂತು ಯಾರು ಒಳಗೆ, ಯಾರು ಹೊರಗೆ ಅಂತ ಹೇಳುತ್ತದೆ.

ಇಲ್ಲೇ ಇರುವುದು ಕೀಲಿ. ಮನುಷ್ಯರು ತೀರ್ಮಾನ ಮಾಡುವಾಗ ‘ಗೆದ್ದರಾ’ ಅನ್ನುವುದರ ಜೊತೆಗೆ ‘ಹೇಗೆ ಗೆದ್ದರು’ ಅನ್ನುವುದೂ ಬರುತ್ತದೆ. ಕ್ರಿಕೆಟ್‌ನಲ್ಲಿ ಒಂದು ವಿಕೆಟ್ಟಿನಿಂದ ಗೆದ್ದರೂ ಲೀಗ್ ಪಟ್ಟಿಯಲ್ಲಿ ಅಷ್ಟೇ ಪಾಯಿಂಟು. ನೆಟ್ ರನ್‌ರೇಟ್ ಇದ್ದರೂ ಅದು ಲೆಕ್ಕದಿಂದ ಬರುವ ಸಂಖ್ಯೆ, ಯಾರದೋ ಅಭಿಪ್ರಾಯ ಅಲ್ಲ. ಇಲ್ಲಿ ಹಾಗಲ್ಲ. ನೋಡಿದವರ ಕಣ್ಣಿಗೆ ತಂಡ ಹೇಗೆ ಕಂಡಿತು ಅನ್ನುವುದಕ್ಕೂ ಬೆಲೆ ಇದೆ.

2023ರಲ್ಲಿ ಫ್ಲಾರಿಡಾ ಸ್ಟೇಟ್ 13ಕ್ಕೆ 13 ಗೆದ್ದಿತು. ತನ್ನ ಕಾನ್ಫರೆನ್ಸ್ ಚಾಂಪಿಯನ್ ಕೂಡ ಆಯಿತು. ಆದರೂ ನಾಲ್ಕು ತಂಡಗಳ ಪ್ಲೇಆಫ್‌ಗೆ ಸಮಿತಿ ಅದನ್ನು ಸೇರಿಸಲಿಲ್ಲ. ನವೆಂಬರ್‌ನಲ್ಲಿ ಅವರ ಕ್ವಾರ್ಟರ್‌ಬ್ಯಾಕ್ (ಚೆಂಡು ಎಸೆದು ದಾಳಿ ನಡೆಸುವವನು) ಜೋರ್ಡನ್ ಟ್ರಾವಿಸ್ ಕಾಲಿಗೆ ಪೆಟ್ಟಾಗಿತ್ತು. ಅವನಿಲ್ಲದ ತಂಡ ಮೊದಲಿನ ತಂಡವಲ್ಲ ಎಂಬುದು ಸಮಿತಿಯ ಮಾತು. ಒಂದೂ ಸೋಲದ ಹುಡುಗರು ಪ್ಲೇಆಫ್‌ನ ಹೊರಗೇ ಉಳಿದರು. ನನಗೆ ಈಗಲೂ ಅದು ಅನ್ಯಾಯ ಅಂತಲೇ ಅನಿಸುತ್ತದೆ. ಅದನ್ನು ನೋಡಿದ ಯಾವ ಅಭಿಮಾನಿಯೂ ‘ಗೆಲುವು ಗೆಲುವೇ’ ಅಂತ ನೆಮ್ಮದಿಯಾಗಿ ನಿದ್ದೆ ಮಾಡಲಾರ.

ಪೆನ್ ಸ್ಟೇಟ್‌ನವರಿಗೆ ಅವರದೇ ಗಾಯ ಬೇರೆ ಇತ್ತು. 2016ರಲ್ಲಿ ಅವರು ತಮ್ಮ ಕಾನ್ಫರೆನ್ಸ್ ಆದ ಬಿಗ್ ಟೆನ್‌ನ ಚಾಂಪಿಯನ್ ಆದರು. ಒಹಾಯೋ ಸ್ಟೇಟ್‌ ತಂಡವನ್ನು 24–21ರಲ್ಲಿ ಸೋಲಿಸಿದ್ದರು. ಆದರೆ ಸೆಪ್ಟೆಂಬರ್‌ನಲ್ಲೇ ಪಿಟ್ಸ್‌ಬರ್ಗ್ ಎದುರು 42–39ರಲ್ಲಿ ಒಂದು ಸೋಲು, ಆಮೇಲೆ ಮಿಷಿಗನ್ ಎದುರು ಇನ್ನೊಂದು. ಪ್ಲೇಆಫ್‌ಗೆ ಹೋದದ್ದು ಒಹಾಯೋ ಸ್ಟೇಟ್! ತಾನು ಸೋಲಿಸಿದ ತಂಡ ಒಳಗೆ, ತಾನು ಹೊರಗೆ. ಸೆಪ್ಟೆಂಬರ್‌ನ ಒಂದು ತಪ್ಪಿಗೆ ಡಿಸೆಂಬರ್‌ನಲ್ಲಿ ದಂಡ ಕಟ್ಟುವುದು ಅಂದರೆ ಏನು ಅಂತ ಆ ಊರಿಗೆ ಚೆನ್ನಾಗಿ ಗೊತ್ತು. ಬೌಲಿಂಗ್ ಗ್ರೀನ್ 24–20ರಲ್ಲಿ ಮುಂದಿದ್ದಾಗ ಆ ಒಂದು ಲಕ್ಷ ಜನರ ಮನಸ್ಸಿಗೆ ಬಂದದ್ದು ಅದೇ ಇರಬೇಕು.

ಆದರೆ ಒಂದು ವಿಷಯ ಅಷ್ಟರಲ್ಲಿ ಬದಲಾಗಿತ್ತು. 2024ರಿಂದ ಪ್ಲೇಆಫ್‌ಗೆ ನಾಲ್ಕರ ಬದಲು 12 ತಂಡ. ಒಂದು ಸೋಲು ಅಂದರೆ ಇನ್ನು ಕಥೆ ಮುಗಿದಂತೆ ಅಲ್ಲ. ಆ ವರ್ಷದ ಕೊನೆಯ ಪಟ್ಟಿಯನ್ನೇ ನೋಡಿ. ಪೆನ್ ಸ್ಟೇಟ್ 4ನೇ ಸ್ಥಾನ, ನೋಟರ್ ಡೇಮ್ 5, ಒಹಾಯೋ ಸ್ಟೇಟ್ 6. ಹಳೆಯ ಲೆಕ್ಕದಲ್ಲಾಗಿದ್ದರೆ ಕೊನೆಯ ಇಬ್ಬರೂ ಹೊರಗೇ. ಆದರೆ 2025ರ ಜನವರಿ 20ರ ಫೈನಲ್ ಆಡಿದ್ದು ಅವರಿಬ್ಬರೇ. ನಿಯಮ ಬದಲಾಗಿದೆ, ಅಭಿಮಾನಿಯ ಎದೆಬಡಿತ ಇನ್ನೂ ಹಳೆಯ ನಿಯಮದ್ದೇ. ಇವತ್ತಿನ ಗೊಣಗಾಟದಲ್ಲಿ ಅರ್ಧದಷ್ಟು ಇದರಿಂದಲೇ ಬರುತ್ತದೆ.

ಉಳಿದ ಅರ್ಧದಲ್ಲಿ ಮಾತ್ರ ನಿಜವಾದ ಹುರುಳಿದೆ. ನಾನು ಈ ಲೇಖನ ಬರೆಯೋಕೆ ಕಾರಣವೂ ಅದೇ.

ತಪ್ಪು ಬೇರೆ, ಇಲ್ಲದಿರುವುದು ಬೇರೆ

ಒರಟಾಗಿ ಗೆದ್ದ ಮ್ಯಾಚಿನಲ್ಲಿ ಎರಡು ಥರದ ಕೊರತೆ ಕಾಣುತ್ತದೆ. ಒಂದು, ತಪ್ಪು. ಕೈಗೆ ಬಂದ ಚೆಂಡು ಜಾರಿತು. ಎದುರಾಳಿಯನ್ನು ಹಿಡಿಯಲು ಹೋದವನು ಎರಡೂ ತೋಳಿನಿಂದ ಅಪ್ಪಿ ಬೀಳಿಸುವ ಬದಲು ಭುಜದಿಂದ ಗುದ್ದಿದ, ಅವನು ತಪ್ಪಿಸಿಕೊಂಡು ಓಡಿದ. ಸನ್ನೆ ಸಿಗುವ ಮೊದಲೇ ಒಬ್ಬ ಕದಲಿದ, ಐದು ಯಾರ್ಡ್ ದಂಡ ಬಿತ್ತು. ಇವೆಲ್ಲ ಕಣ್ಣಿಗೆ ರಾಚುತ್ತವೆ. ಸಿಟ್ಟು ಬರುವುದೂ ಇದಕ್ಕೇ. ಆದರೆ ಇವನ್ನು ತಿದ್ದಬಹುದು. ಸೋಮವಾರ ವೀಡಿಯೋ ತೋರಿಸಿ, ಮಂಗಳವಾರ ಮೈದಾನದಲ್ಲಿ ಮಾಡಿಸಿ ಸರಿ ಮಾಡುತ್ತಾರೆ.

ಇನ್ನೊಂದು, ಇಲ್ಲದಿರುವುದು. ತಂಡದಲ್ಲಿ ಒಂದು ಕೆಲಸಕ್ಕೆ ತಕ್ಕ ಆಳೇ ಇಲ್ಲ. ಇದು ಕಣ್ಣಿಗೆ ರಾಚುವುದಿಲ್ಲ. ಯಾಕೆಂದರೆ ಬೇರೆ ಯಾರೋ ಅದನ್ನು ಮುಚ್ಚಿಬಿಡುತ್ತಾರೆ. ಗೆಲುವೂ ಸಿಕ್ಕಿಬಿಡುತ್ತದೆ. ಸೀಸನ್ ಮಧ್ಯೆ ಹೊಸ ಆಟಗಾರನನ್ನು ತರುವ ದಾರಿಯೂ ಇಲ್ಲ. ಕೋಚ್ ಎಷ್ಟೇ ಬೆವರು ಸುರಿಸಿದರೂ ಡಿಸೆಂಬರ್‌ವರೆಗೆ ಆ ಜಾಗ ಖಾಲಿಯೇ.

ಬೌಲಿಂಗ್ ಗ್ರೀನ್ ಮ್ಯಾಚಿನಲ್ಲಿ ಇವೆರಡೂ ಇದ್ದವು. ಜನ ಜಾಸ್ತಿ ಮಾತಾಡಿದ್ದು ಮೊದಲನೆಯದರ ಬಗ್ಗೆ.

ಅವತ್ತಿನ ದೊಡ್ಡ ದೂರು ಇದು: ಬೌಲಿಂಗ್ ಗ್ರೀನ್‌ನ ಟೈಟ್ ಎಂಡ್ ಹೆರಾಲ್ಡ್ ಫ್ಯಾನಿನ್ 11 ಸಲ ಚೆಂಡು ಹಿಡಿದು 137 ಯಾರ್ಡ್ ಗಳಿಸಿದ, ಒಂದು ಟಚ್‌ಡೌನ್ (ಚೆಂಡನ್ನು ಎದುರಾಳಿಯ ಕೊನೆಯ ಗೆರೆ ದಾಟಿಸುವುದು) ಕೂಡ ಹೊಡೆದ. ಟೈಟ್ ಎಂಡ್ ಅಂದರೆ ಅರ್ಧ ಕಾವಲುಗಾರ, ಅರ್ಧ ಚೆಂಡು ಹಿಡಿಯುವವನು. ದಪ್ಪನೆಯ ಆಳು, ಆದರೆ ಓಡಬೇಕು. ಊರುಪೇರು ಗೊತ್ತಿಲ್ಲದ ಒಬ್ಬ ಹುಡುಗ ನಮ್ಮ ರಕ್ಷಣೆಯ ಮಧ್ಯೆ ಹೀಗೆ ತಿರುಗಾಡಿಕೊಂಡು ಹೋದನಲ್ಲ ಅಂತ ಪೆನ್ ಸ್ಟೇಟ್‌ನವರಿಗೆ ತಡೆಯಲಾರದ ಅವಮಾನ. ಅದೇ ಮ್ಯಾಚಿನಲ್ಲಿ ರಕ್ಷಣೆಯ ಮುಖ್ಯ ಆಟಗಾರ ಕೆವಿನ್ ವಿನ್‌ಸ್ಟನ್ ಗಾಯಗೊಂಡು ಇಡೀ ಸೀಸನ್ ಕಳೆದುಕೊಂಡ. ಸಿಟ್ಟಿನಲ್ಲಿ ಅದನ್ನೂ ಯಾರೂ ಸರಿಯಾಗಿ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಆಮೇಲೆ ಏನಾಯಿತು ನೋಡಿ. ಫ್ಯಾನಿನ್ ಆ ವರ್ಷ 117 ಸಲ ಚೆಂಡು ಹಿಡಿದ, 1,555 ಯಾರ್ಡ್ ಗಳಿಸಿದ. ಮೇಲಿನ ದರ್ಜೆಯ ಕಾಲೇಜು ಫುಟ್‌ಬಾಲ್‌ನಲ್ಲಿ ಯಾವ ಟೈಟ್ ಎಂಡ್ ಕೂಡ ಒಂದು ಸೀಸನ್ನಿನಲ್ಲಿ ಅಷ್ಟು ಮಾಡಿರಲಿಲ್ಲ. ಎರಡೂ ದಾಖಲೆ. ಮುಂದಿನ ವರ್ಷ ಕ್ಲೀವ್‌ಲ್ಯಾಂಡ್ ಬ್ರೌನ್ಸ್ ತಂಡ ಅವನನ್ನು ಎನ್‌ಎಫ್‌ಎಲ್‌ಗೆ ಕರೆದುಕೊಂಡಿತು. ಪೆನ್ ಸ್ಟೇಟ್ ಆದ ಎರಡು ವಾರಕ್ಕೆ ಬೌಲಿಂಗ್ ಗ್ರೀನ್ ಟೆಕ್ಸಸ್ ಎ ಅಂಡ್ ಎಂ ವಿರುದ್ಧವೂ 26–20ರವರೆಗೆ ಹೋರಾಡಿ ಸೋತಿತು. ಅಂದರೆ ಸೆಪ್ಟೆಂಬರ್ 7ರಂದು ಪೆನ್ ಸ್ಟೇಟ್ ಎದುರಿಸಿದ್ದು ಸುಮ್ನೆ ಒಬ್ಬ ಹುಡುಗನನ್ನಲ್ಲ. ದೇಶದಲ್ಲೇ ಆ ಜಾಗಕ್ಕೆ ಅವನಷ್ಟು ಚೆಂಡು ಹಿಡಿಯುವವನು ಇರಲಿಲ್ಲ. ಸ್ಟೇಡಿಯಂನಲ್ಲಿ ಕೂತವರಿಗೆ ಅವತ್ತು ಅದು ಗೊತ್ತಾಗುವ ದಾರಿ ಇರಲಿಲ್ಲ. ಮೊದಲ ಮ್ಯಾಚಿನ ತೀರ್ಪುಗಳಲ್ಲಿ ಇದೊಂದು ಕಷ್ಟ. ಎದುರಾಳಿ ಎಷ್ಟು ಒಳ್ಳೆಯವನು ಅಂತ ಗೊತ್ತಾಗೋದೇ ನವೆಂಬರ್‌ಗೆ.

ಹಾಗಾದರೆ ಅಭಿಮಾನಿಗಳು ಸುಮ್ನೆ ಕೂಗಾಡಿದರಾ? ಇಲ್ಲ. ಅವರಲ್ಲೇ ಕೆಲವರು ಇನ್ನೊಂದು ಪ್ರಶ್ನೆ ಕೇಳುತ್ತಿದ್ದರು. ನಮ್ಮ ವೈಡ್ ರಿಸೀವರ್‌ಗಳು ಎಲ್ಲಿ?

ವೈಡ್ ರಿಸೀವರ್ ಅಂದರೆ ಸಾಲಿನ ಅಂಚಿನಲ್ಲಿ ನಿಂತು, ಓಡಿ, ದೂರದ ಪಾಸು ಹಿಡಿಯುವ ವೇಗಿ. ಈಗಿನ ಫುಟ್‌ಬಾಲ್‌ನಲ್ಲಿ ದೊಡ್ಡ ತಂಡಗಳು ಗೆಲ್ಲುವುದೇ ಇವರಿಂದ. ಅವತ್ತು ಪೆನ್ ಸ್ಟೇಟ್‌ನಲ್ಲಿ ಚೆಂಡು ಹಿಡಿದವರಲ್ಲಿ ಎಲ್ಲರಿಗಿಂತ ಮುಂದಿದ್ದವನು ಟೈಲರ್ ವಾರನ್. 8 ಸಲ, 146 ಯಾರ್ಡ್. ಅವನೂ ಟೈಟ್ ಎಂಡ್. ಅದನ್ನು ನೋಡಿ ಖುಷಿಪಟ್ಟವರೇ ಜಾಸ್ತಿ. ಖುಷಿಪಡಬೇಕಾದದ್ದೇ. ವಾರನ್ ಆಟ ಅಷ್ಟು ಚೆನ್ನಾಗಿತ್ತು.

ಅವನ ಒಂದು ಆಟ ಹೇಳಲೇಬೇಕು. ಅಕ್ಟೋಬರ್ 12, ಲಾಸ್ ಏಂಜಲೀಸ್, ಸದರ್ನ್ ಕ್ಯಾಲಿಫೋರ್ನಿಯಾ ವಿರುದ್ಧ. ಸಾಲಿನ ಮಧ್ಯೆ ಬಗ್ಗಿ ನಿಂತು, ನೆಲದ ಮೇಲಿನ ಚೆಂಡನ್ನು ಕಾಲುಗಳ ನಡುವಿನಿಂದ ಹಿಂದಕ್ಕೆ ಕೊಡುವವನಿಗೆ ಸೆಂಟರ್ ಅನ್ನುತ್ತಾರೆ. ಆ ಆಟಕ್ಕೆ ವಾರನ್‌ನನ್ನೇ ಸೆಂಟರ್ ಜಾಗದಲ್ಲಿ ನಿಲ್ಲಿಸಿದರು. ಚೆಂಡು ಹಿಂದಕ್ಕೆ ಕೊಟ್ಟ. ಕೊಟ್ಟವನೇ ಎದ್ದು ಮುಂದಕ್ಕೆ ಓಡಿದ. ತಾನು ಕೊಟ್ಟ ಚೆಂಡೇ ಗಾಳಿಯಲ್ಲಿ ತಿರುಗಿ ತನ್ನ ಹತ್ತಿರ ಬಂತು. ಹಾರಿ ಹಿಡಿದ. 32 ಯಾರ್ಡ್, ಟಚ್‌ಡೌನ್. ಆ ದಿನ 17 ಸಲ ಚೆಂಡು ಹಿಡಿದು 224 ಯಾರ್ಡ್ ಗಳಿಸಿದ. ತಂಡ 33–30ರಲ್ಲಿ ಗೆದ್ದಿತು. ವರ್ಷದ ಕೊನೆಗೆ ದೇಶದ ಅತ್ಯುತ್ತಮ ಟೈಟ್ ಎಂಡ್‌ಗೆ ಕೊಡುವ ಮ್ಯಾಕಿ ಪ್ರಶಸ್ತಿ ಅವನಿಗೇ ಬಂತು.

ಇಷ್ಟು ಒಳ್ಳೆಯ ಒಬ್ಬನಿದ್ದಾಗ ಏನಾಗುತ್ತದೆ ಗೊತ್ತಾ? ತಂಡದ ಕೊರತೆ ಮುಚ್ಚಿಹೋಗುತ್ತದೆ. ಮನೆಯಲ್ಲಿ ಒಬ್ಬಳೇ ಅಕ್ಕ ಎಲ್ಲ ಕೆಲಸ ಮಾಡುತ್ತಿದ್ದರೆ ಉಳಿದವರಿಗೆ ಕೆಲಸ ಬರುವುದಿಲ್ಲ ಅನ್ನುವುದು ಹೊರಗೆ ಕಾಣುವುದೇ ಇಲ್ಲ ಅಲ್ವಾ, ಹಾಗೆ. ಅಕ್ಕ ಹುಷಾರು ತಪ್ಪಿದ ದಿನ ಗೊತ್ತಾಗುತ್ತದೆ.

ಜನವರಿ 9ರ ರಾತ್ರಿ

ಈಗ ಆ ಸೆಮಿಫೈನಲ್‌ಗೆ ಬರೋಣ. ಮಯಾಮಿ ಹತ್ತಿರದ ಸ್ಟೇಡಿಯಂ, ಪಂದ್ಯದ ಹೆಸರು ಆರೆಂಜ್ ಬೌಲ್. ಒಂದು ಕಡೆ ಬೌಲಿಂಗ್ ಗ್ರೀನ್ ವಿರುದ್ಧ ಒದ್ದಾಡಿ ಗೆದ್ದ ಪೆನ್ ಸ್ಟೇಟ್. ಇನ್ನೊಂದು ಕಡೆ ನಾರ್ದರ್ನ್ ಇಲಿನಾಯ್‌ಗೆ ಸೋತ ನೋಟರ್ ಡೇಮ್. ಆ ಸೋಲಿನ ನಂತರ ನೋಟರ್ ಡೇಮ್ ಒಂದೂ ಪಂದ್ಯ ಸೋತಿರಲಿಲ್ಲ. ಸೆಪ್ಟೆಂಬರ್‌ನಲ್ಲಿ ಅವರಿಗೆ ಆದದ್ದು ಮೊದಲ ಥರದ್ದು. ಅದನ್ನು ತಿದ್ದಿಕೊಂಡಿದ್ದರು.

ಸ್ಕೋರು 24–24. ಆಟ ಮುಗಿಯೋಕೆ ಅರ್ಧ ನಿಮಿಷ ಚಿಲ್ಲರೆ. ಚೆಂಡು ಪೆನ್ ಸ್ಟೇಟ್ ಕೈಯಲ್ಲಿ, ತಮ್ಮದೇ 28ನೇ ಯಾರ್ಡ್ ಗೆರೆಯ ಹತ್ತಿರ. ಕ್ವಾರ್ಟರ್‌ಬ್ಯಾಕ್ ಡ್ರೂ ಆಲರ್ ಹಿಂದಕ್ಕೆ ಸರಿದ. ಒತ್ತಡ ಬಂತು. ಮೈದಾನದ ಅಡ್ಡಕ್ಕೆ ಎಸೆದ. ಎಸೆದದ್ದು ಒಬ್ಬ ವೈಡ್ ರಿಸೀವರ್ ಕಡೆಗೆ. ಚೆಂಡು ಅವನ ಕೈ ಸೇರಲಿಲ್ಲ. ನೋಟರ್ ಡೇಮ್‌ನ ಕ್ರಿಶ್ಚಿಯನ್ ಗ್ರೇ ಕೆಳಕ್ಕೆ ಬೀಳುತ್ತಾ ಹಿಡಿದುಕೊಂಡ. 7 ಸೆಕೆಂಡು ಉಳಿದಿದ್ದಾಗ ಮಿಚ್ ಜೀಟರ್ 41 ಯಾರ್ಡ್ ದೂರದಿಂದ ಒದ್ದ. 27–24. ಪೆನ್ ಸ್ಟೇಟ್ ಮನೆಗೆ.

ಆ ಇಡೀ ಮ್ಯಾಚಿನಲ್ಲಿ ಪೆನ್ ಸ್ಟೇಟ್‌ನ ವೈಡ್ ರಿಸೀವರ್‌ಗಳು ಹಿಡಿದ ಪಾಸುಗಳ ಸಂಖ್ಯೆ ಸೊನ್ನೆ. ಒಂದೂ ಇಲ್ಲ.

ಇದನ್ನು ಓದಿದಾಗ ನನಗೆ ಮೊದಲು ನೆನಪಾದದ್ದು ಸೆಪ್ಟೆಂಬರ್ 7. ಆ ಕೊರತೆ ಅವತ್ತೇ ಇತ್ತು. 34 ಪಾಯಿಂಟಿನ ಕೆಳಗೆ, ವಾರನ್‌ನ 146 ಯಾರ್ಡಿನ ಕೆಳಗೆ ಅಡಗಿ ಕೂತಿತ್ತು. ಅದನ್ನು ಕೇಳಿದ ಅಭಿಮಾನಿಗಳು ಸರಿಯಾದುದನ್ನೇ ಕೇಳಿದ್ದರು. 27 ಪಾಯಿಂಟು ಬಿಟ್ಟುಕೊಟ್ಟದ್ದಕ್ಕೆ ಕೂಗಾಡಿದವರ ಗದ್ದಲದಲ್ಲಿ ಅವರ ಮಾತು ಮುಚ್ಚಿಹೋಯಿತು.

ಇದಕ್ಕೆ ಎದುರು ಉದಾಹರಣೆಯೂ ಇದೆ, ಅದನ್ನು ಹೇಳದಿದ್ದರೆ ತಪ್ಪಾಗುತ್ತದೆ. ಅದೇ 2024ರ ಆಗಸ್ಟ್ 31ರಂದು ಆರೆಗಾನ್ ತನ್ನ ಮೊದಲ ತವರು ಪಂದ್ಯ ಆಡಿತು. ಆಗ ಅದು ದೇಶಕ್ಕೆ 3ನೇ ಸ್ಥಾನ. ಕೆಳಗಿನ ದರ್ಜೆಯ ಐಡಾಹೋ ವಿರುದ್ಧ ಏದುಸಿರು ಬಿಟ್ಟು 24–14ರಲ್ಲಿ ಗೆದ್ದಿತು. ರ‍್ಯಾಂಕಿಂಗ್‌ನಲ್ಲಿ 7ಕ್ಕೆ ಜಾರಿತು. ಕ್ವಾರ್ಟರ್‌ಬ್ಯಾಕ್‌ ಡಿಲನ್ ಗೇಬ್ರಿಯಲ್‌ನನ್ನು ಕಾಯಬೇಕಾದ ಸಾಲು ಗಟ್ಟಿಯಿಲ್ಲ ಅಂತ ಎಲ್ಲರೂ ಕೈಚೆಲ್ಲಿದರು. ಆದರೆ ಆರೆಗಾನ್ ಆಮೇಲೆ ಒಂದೂ ಸೋಲದೆ 13ಕ್ಕೆ 13 ಗೆದ್ದಿತು, ಬಿಗ್ ಟೆನ್ ಫೈನಲ್‌ನಲ್ಲಿ ಇದೇ ಪೆನ್ ಸ್ಟೇಟ್‌ ತಂಡವನ್ನು 45–37ರಲ್ಲಿ ಸೋಲಿಸಿತು, ದೇಶಕ್ಕೇ ಮೊದಲ ಸ್ಥಾನಕ್ಕೇರಿತು. ಆ ಸಾಲಿನಲ್ಲಿ ಆಳುಗಳಿದ್ದರು. ಹೊಂದಾಣಿಕೆ ಬೇಕಿತ್ತು, ಕೆಲವು ವಾರದಲ್ಲಿ ಬಂತು. ಜನವರಿ 1ರಂದು ರೋಸ್ ಬೌಲ್ ಎಂಬ ಪ್ಲೇಆಫ್ ಪಂದ್ಯದಲ್ಲಿ ಒಹಾಯೋ ಸ್ಟೇಟ್ ಅದೇ ಗೇಬ್ರಿಯಲ್‌ನನ್ನು 8 ಸಲ ನೆಲಕ್ಕೆ ಕೆಡವಿ 41–21ರಲ್ಲಿ ಗೆದ್ದದ್ದೂ ನಿಜ. ಆದರೆ ಅವತ್ತಿನ ಒಹಾಯೋ ಸ್ಟೇಟ್ ಮುಂದೆ ಯಾರ ಸಾಲೂ ನಿಲ್ಲುತ್ತಿರಲಿಲ್ಲ. ಅದನ್ನು ಐಡಾಹೋ ಮ್ಯಾಚಿಗೆ ಗಂಟುಹಾಕುವುದು ನನಗೆ ಸರಿ ಅನಿಸುವುದಿಲ್ಲ.

ಕೂಗುವ ಹಕ್ಕು, ಕೂಗುವ ದಿಕ್ಕು

ಟಿಕೆಟಿಗೆ, ಪಾರ್ಕಿಂಗಿಗೆ, ಮೂರು ನಾಲ್ಕು ಗಂಟೆ ಡ್ರೈವ್ ಮಾಡುವ ಪೆಟ್ರೋಲಿಗೆ ಹಣ ಕೊಟ್ಟು ಬಂದವನು ಗೊಣಗಬಾರದು ಅಂತ ಯಾರೂ ಹೇಳಲಾರರು. ಈಗ ಆಟಗಾರರಿಗೂ ಹಣ ಬರುತ್ತದೆ. 2021ರ ಜುಲೈ 1ರಿಂದ ಅವರು ತಮ್ಮ ಹೆಸರು, ಮುಖ ಬಳಸಿ ಜಾಹೀರಾತಿನಿಂದ ಗಳಿಸಬಹುದು. 2025ರಿಂದ ಕಾಲೇಜುಗಳೇ ವರ್ಷಕ್ಕೆ ಸುಮಾರು 2 ಕೋಟಿ ಡಾಲರ್‌ವರೆಗೆ ನೇರವಾಗಿ ಹಂಚಬಹುದು. ‘ಇವರು ಮಕ್ಕಳಲ್ಲ, ಸಂಬಳದ ಆಟಗಾರರು’ ಅನ್ನುವ ಮಾತು ಹುಟ್ಟಿದ್ದು ಹೀಗೆ.

ಆದರೂ ನನಗೆ ಒಂದು ಸಂಕಟ ಇದೆ. 2025ರ ಸೆಪ್ಟೆಂಬರ್ 13, ಟೆಕ್ಸಸ್ ವಿಶ್ವವಿದ್ಯಾಲಯದ ಮೈದಾನ. ಹಿಂದಿನ ವಾರ ಮೊದಲ ತವರು ಪಂದ್ಯದಲ್ಲಿ 38–7ರಲ್ಲಿ ಗೆದ್ದಿದ್ದರೂ ಆಟ ಚೆಂದ ಇರಲಿಲ್ಲ. ಈ ವಾರ ಆರ್ಚ್ ಮ್ಯಾನಿಂಗ್ ಎಸೆದ ಪಾಸುಗಳು ಒಂದರ ಹಿಂದೆ ಒಂದು ನೆಲ ಕಂಡವು. ಸತತ ಹತ್ತು. ತಮ್ಮ ತಂಡ ಮುಂದಿರುವಾಗಲೇ ತವರಿನ ಜನ ಬೂ ಅಂದರು. ಟೆಕ್ಸಸ್ 27–10ರಲ್ಲಿ ಗೆದ್ದಿತು. ಆ ಹುಡುಗನಿಗೆ ಆಗ 21 ವರ್ಷ. ನಮ್ಮಲ್ಲಿ ಆ ವಯಸ್ಸಿನವರು ಎಂಜಿನಿಯರಿಂಗ್ ಕೊನೆಯ ವರ್ಷದ ಪ್ರಾಜೆಕ್ಟಿಗೆ ಗೈಡ್ ಸಹಿ ಹಾಕಿಸಿಕೊಳ್ಳೋಕೆ ಓಡಾಡುತ್ತಿರುತ್ತಾರೆ. ವರ್ಷ ಮುಗಿಯುವುದರೊಳಗೆ ಅದೇ ಹುಡುಗ ಒಕ್ಲಹೋಮಾ ವಿರುದ್ಧವೂ, ಅಲ್ಲಿಯವರೆಗೆ ಸೋಲೇ ಕಾಣದ ಟೆಕ್ಸಸ್ ಎ ಅಂಡ್ ಎಂ ವಿರುದ್ಧವೂ ತಂಡವನ್ನು ಗೆಲ್ಲಿಸಿದ. ಎಸೆತ ಗುರಿ ತಪ್ಪುವುದು ತಿದ್ದಬಹುದಾದ ತಪ್ಪು. ಅದಕ್ಕೆ ಬೂ ಅನ್ನುವುದು ಬೇಡವಾಗಿತ್ತು.

ಕೇಳಬೇಕಾದ ಪ್ರಶ್ನೆ ಬೇರೆಯವರಿಗೆ. ತಂಡ ಕಟ್ಟಿದವರಿಗೆ, ಜನವರಿಯಲ್ಲಿ ಯಾರನ್ನು ಕರೆತರಬೇಕು ಅಂತ ತೀರ್ಮಾನ ಮಾಡಿದವರಿಗೆ. ಪೆನ್ ಸ್ಟೇಟ್‌ನಲ್ಲಿ ಅದು ಆಯಿತು. 2025ಕ್ಕೆ ಅವರು ಹಳೆಯ ರಿಸೀವರ್‌ಗಳ ಬದಲು ಟ್ರಾಯ್, ಸದರ್ನ್ ಕ್ಯಾಲಿಫೋರ್ನಿಯಾ, ಸಿರಾಕ್ಯೂಸ್‌ನಿಂದ ಮೂವರು ಹೊಸಬರನ್ನು ತಂದರು. ಸೀಸನ್ ಶುರುವಾಗುವ ಮೊದಲೇ ದೇಶಕ್ಕೆ 2ನೇ ಸ್ಥಾನ. ಮೊದಲ ತವರು ಪಂದ್ಯದಲ್ಲಿ ನೆವಾಡಾವನ್ನು 46–11ರಲ್ಲಿ ಸೋಲಿಸಿದರು. ಆಮೇಲೆ 34–0. ಆಮೇಲೆ 52–6. ಸ್ಕೋರು ನೋಡಿದರೆ ಗೊಣಗೋಕೆ ಜಾಗವೇ ಇಲ್ಲ. ಆದರೆ ಆ 34–0ರಲ್ಲಿ ಅರ್ಧ ಆಟಕ್ಕೆ ಬರೀ 10–0 ಇತ್ತು. ಎದುರಾಳಿಗಳು ಮೂವರೂ ಸಣ್ಣವರು. ದೊಡ್ಡ ಅಂತರದ ಗೆಲುವಿನ ಕೆಳಗೂ ಏನೋ ಅಡಗಿರಬಹುದು ಅನ್ನುವುದು ಅವತ್ತು ಕೆಲವರಿಗಷ್ಟೇ ಹೊಳೆದಿತ್ತು.

ಸೆಪ್ಟೆಂಬರ್ 27, ಆರೆಗಾನ್ ವಿರುದ್ಧ ಎರಡು ಹೆಚ್ಚುವರಿ ಅವಧಿ ಆಡಿ 30–24ರ ಸೋಲು. ಅದು ಬಿಡಿ, ಆರೆಗಾನ್ ದೊಡ್ಡ ತಂಡ. ಮುಂದಿನ ವಾರ ಅಲ್ಲಿಯವರೆಗೆ ಒಂದೂ ಗೆಲ್ಲದ ಯುಸಿಎಲ್‌ಎ ವಿರುದ್ಧ 42–37ರ ಸೋಲು. ಅಕ್ಟೋಬರ್ 11ರಂದು ತವರಿನಲ್ಲೇ ನಾರ್ತ್‌ವೆಸ್ಟರ್ನ್ ವಿರುದ್ಧ 22–21ರ ಸೋಲು. ಆಲರ್ ಅವತ್ತೇ ಗಾಯಗೊಂಡ, ಅವನ ಸೀಸನ್ ಅಲ್ಲಿಗೆ ಮುಗಿಯಿತು. ಕೋಚ್ ಜೇಮ್ಸ್ ಫ್ರಾಂಕ್ಲಿನ್‌ ಅವರನ್ನು ತೆಗೆಯಿರಿ ಅಂತ ಸ್ಟೇಡಿಯಂ ಕೂಗಿತು. ಮರುದಿನ ತೆಗೆದರು.

ಫ್ರಾಂಕ್ಲಿನ್ ಅಲ್ಲಿ ಗೆದ್ದದ್ದು 104 ಮ್ಯಾಚು. ಸೋತದ್ದು 45. ಹೊರಗಿನಿಂದ ನೋಡಿದರೆ ಇಂಥವರನ್ನು ಯಾಕೆ ಕಳಿಸಿದರು ಅನಿಸುತ್ತದೆ. ಆದರೆ ಮೊದಲ ಹತ್ತು ಸ್ಥಾನದ ತಂಡಗಳ ವಿರುದ್ಧ ಆಡಿದ 25ರಲ್ಲಿ ಗೆದ್ದದ್ದು 4. ಆ ಊರಿನವರು ವರ್ಷಗಟ್ಟಲೆ ಗೆದ್ದ ದಿನವೂ ಗೊಣಗುತ್ತಿದ್ದದ್ದು ಈ ಎರಡು ಸಂಖ್ಯೆಗಳ ನಡುವಿನ ಕಂದಕದ ಬಗ್ಗೆ. ಬೌಲಿಂಗ್ ಗ್ರೀನ್ ಅವರಿಗೆ ನೆಪ ಅಷ್ಟೇ.

ಈಗ ಅಯೋವಾ ಸ್ಟೇಟ್‌ನಿಂದ ಮ್ಯಾಟ್ ಕ್ಯಾಂಪ್‌ಬೆಲ್ ಬಂದಿದ್ದಾರೆ. ಅವರ ತಂಡವೂ ಒಂದು ಶನಿವಾರ ಅದೇ ಬೀವರ್ ಸ್ಟೇಡಿಯಂಗೆ ಮೊದಲ ಸಲ ಇಳಿಯುತ್ತದೆ. ಈ ಆಟದಲ್ಲಿ ಹತ್ತು ಯಾರ್ಡ್ ದಾಟೋಕೆ ನಾಲ್ಕು ಪ್ರಯತ್ನ ಸಿಗುತ್ತದೆ. ಮೂರನೆಯದು ಬಂದಾಗ, ಇನ್ನೂ ಏಳೆಂಟು ಯಾರ್ಡ್ ಬಾಕಿ ಇದ್ದಾಗ, ಕ್ವಾರ್ಟರ್‌ಬ್ಯಾಕ್ ಮೊದಲು ಯಾರ ಕಡೆ ನೋಡುತ್ತಾನೆ ಅಂತ ನಾನು ಗಮನಿಸುತ್ತೇನೆ. ಪ್ರತಿ ಸಲವೂ ಅದೇ ಒಬ್ಬನ ಕಡೆಗಾ, ಅಥವಾ ಬೇರೆಯವರೂ ಇದ್ದಾರಾ. ಸ್ಕೋರನ್ನು ಆಮೇಲೆ ನೋಡಿದರಾಯಿತು.